ಹಾರ-ಶಾಲಿನಿಂದ ಹಾಳೆಯ ಅಂಚಿಗೆ: ತೀರ್ಥಹಳ್ಳಿ ಸೀಮೆಯ ಒಂದು ಬರಹಗಾರರ ಬಳಗದ ಪ್ರಕರಣ

ಸೆಪ್ಟೆಂಬರ್‌ನ ಮೊದಲ ಸಭೆಗೆ ಬಂದವರು 11 ಜನ. ಅಕ್ಟೋಬರ್‌ಗೆ 14 ಆದರು. ನವೆಂಬರ್‌ನಲ್ಲಿ ಸಭಾಂಗಣದಲ್ಲಿ 80 ಜನ ಕೂತಿದ್ದರು. ಡಿಸೆಂಬರ್, ಜನವರಿಯಲ್ಲಿ ಸಭೆಯೇ ನಡೆಯಲಿಲ್ಲ. ಫೆಬ್ರುವರಿಯಲ್ಲಿ ಐದು ಜನ ಸೇರಿ, ಬಳಗ ಮುಚ್ಚುವುದೋ ಮುಂದುವರಿಸುವುದೋ ಎಂದು ಮಾತಾಡಿಕೊಂಡರು. ಈಗ ಅದೇ ಬಳಗದಲ್ಲಿ ಒಂಬತ್ತು ಸದಸ್ಯರಿದ್ದಾರೆ, ವರ್ಷಕ್ಕೆ ಹತ್ತು ಸಭೆ ತಪ್ಪದೆ ನಡೆಯುತ್ತಿದೆ. ನಡುವೆ ಏನು ಕೆಟ್ಟಿತು, ಏನನ್ನು ಬದಲಿಸಿದರು ಎಂಬುದಷ್ಟೇ ಇಲ್ಲಿನ ವಿಷಯ. ಬಳಗದ ಹೆಸರು, ಸದಸ್ಯರ ಹೆಸರು ಬಿಟ್ಟಿದ್ದೇವೆ.

ಬಳಗ ಬೇಕಿತ್ತೇ ಎಂಬ ಪ್ರಶ್ನೆ ಮೊದಲೇ ಬಂದಿತ್ತು. ಶಿವಮೊಗ್ಗ ಜಿಲ್ಲೆಯಲ್ಲಿ ಸಾಹಿತ್ಯದ ಸಂಸ್ಥೆಗಳಿಗೆ ಬರವಿಲ್ಲ. ಶಿವಮೊಗ್ಗದ ಕರ್ನಾಟಕ ಸಂಘ 1930ರದು, ಹೆಗ್ಗೋಡಿನ ನೀನಾಸಮ್ 1949ರದು. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತಿನ ಘಟಕ ತಾಲ್ಲೂಕಿನಲ್ಲೂ ಇದೆ. ಉಪನ್ಯಾಸ, ಪುಸ್ತಕ ಬಹುಮಾನ, ಸಂಸ್ಕೃತಿ ಶಿಬಿರ, ಸಮ್ಮೇಳನ ಎಲ್ಲ ನಡೆಯುತ್ತವೆ. ನಡೆಯದಿದ್ದುದು ಒಂದೇ: ಅರ್ಧ ಬರೆದಿಟ್ಟ ಕಥೆಯನ್ನು ಎಂಟು ಜನ ಓದಿ, ಮೂರನೇ ಪುಟದಲ್ಲಿ ಯಾಕೆ ಕಾಲು ಹೂತುಕೊಂಡಿತು ಅಂತ ಹೇಳುವುದು. ಅದಕ್ಕೆ ಊರಲ್ಲೇ ಜಾಗ ಬೇಕು. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿ.ಮೀ. ಹೋಗಿಬರುವುದರಲ್ಲೇ ದಿನ ಮುಗಿಯುತ್ತದೆ. ಕೋಣಂದೂರು, ಮೇಗರವಳ್ಳಿ, ಕಮ್ಮರಡಿ ಕಡೆಯಿಂದ ತೀರ್ಥಹಳ್ಳಿಗೆ ಬರುವುದೇ ಒಂದು ಪ್ರಯಾಣ. ಅಲ್ಲಿಂದ ಮುಂದಕ್ಕೆ ಪ್ರತಿ ತಿಂಗಳೂ ಯಾರೂ ಹೋಗುವುದಿಲ್ಲ.

ಸೇರಿದವರಲ್ಲಿ ನಿವೃತ್ತ ಹೈಸ್ಕೂಲು ಮೇಷ್ಟ್ರು ಒಬ್ಬರಿದ್ದರು. ಅವರ ಹಳೆಯ ಶಿಷ್ಯರು ಮೂವರು. ಬ್ಯಾಂಕ್ ನೌಕರ ಒಬ್ಬರು, ಕಾಲೇಜು ಹುಡುಗಿಯರಿಬ್ಬರು, ಅಡಿಕೆ ತೋಟದ ಮನೆಯ ಗೃಹಿಣಿಯರಿಬ್ಬರು, ಉಳಿದವರು ಪೇಟೆಯವರು. ಮೇಷ್ಟ್ರೂ ಶಿಷ್ಯರೂ ಒಂದೇ ಕೋಣೆಯಲ್ಲಿ ಎಂಬುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊದಲ ಎರಡು ಸಭೆ ಭಾನುವಾರ ಸಂಜೆ 4ರಿಂದ 6.30. ಬಂದವರೆಲ್ಲ ತಮ್ಮದನ್ನು ಓದುವುದು, ಬೇರೆಯವರು ಅಭಿಪ್ರಾಯ ಹೇಳುವುದು. ಕೇಳಲಿಕ್ಕೆ ಸರಿಯಾಗಿಯೇ ಇದೆ. ಅಕ್ಟೋಬರ್ ಸಭೆಯ 150 ನಿಮಿಷ ಎಲ್ಲಿ ಹೋಯಿತು ನೋಡಿ. ತಡವಾಗಿ ಶುರುವಾದ್ದಕ್ಕೆ 20, ಕಾಫಿಗೆ 15. ಓದಿದವರು ಒಂಬತ್ತು ಜನ, ತಲಾ 12 ನಿಮಿಷ, ಅಂದರೆ 108. ಚರ್ಚೆಗೆ ಉಳಿದದ್ದು 7 ನಿಮಿಷ. ಆ 7 ನಿಮಿಷದಲ್ಲಿ ಬಂದ ಮಾತು ‘ಚೆನ್ನಾಗಿದೆ’, ‘ಮನ ಮುಟ್ಟಿತು’, ‘ಇನ್ನೂ ಬರೀತಾ ಇರಿ’. ಇವು ವಿಮರ್ಶೆಯಲ್ಲ, ಬೀಳ್ಕೊಡುಗೆ.

12 ನಿಮಿಷದ ಓದಿನಲ್ಲೂ ಎಷ್ಟೋ ಭಾಗ ಪೀಠಿಕೆಯೇ. ‘ಇದನ್ನು ಬರೆದ ಸಂದರ್ಭ ಏನೆಂದರೆ’ ಎಂದು ಶುರುವಾದರೆ ಕವಿತೆಗಿಂತ ಸಂದರ್ಭವೇ ಉದ್ದ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು, ಎರಡು ತಿಂಗಳು ಯಾರ ಕಣ್ಣಿಗೂ ಬೀಳಲಿಲ್ಲ. ಹಿರಿಯರು ಮೊದಲು ಓದಬೇಕೆಂಬ ಮರ್ಯಾದೆ ತಾನಾಗಿಯೇ ಜಾರಿಗೆ ಬಂತು. ಹುಡುಗಿಯರ ಸರದಿ ಬರುವ ಹೊತ್ತಿಗೆ 5.30. ಊರಿನ ಬಸ್ಸು 5.45ಕ್ಕೆ. ಇಬ್ಬರೂ ಎರಡು ಸಭೆಗೂ ಬಂದರು, ಎರಡು ಸಭೆಯಲ್ಲೂ ಓದದೆ ಹೋದರು. ಅವರನ್ನು ಯಾರೂ ತಡೆದಿರಲಿಲ್ಲ. ತಡೆದದ್ದು ಬಸ್ಸಿನ ವೇಳಾಪಟ್ಟಿ ಮತ್ತು ವಯಸ್ಸಿನ ಪಟ್ಟಿ.

ನವೆಂಬರ್ ಬಂತು, ರಾಜ್ಯೋತ್ಸವ. ‘ನಾವೂ ಒಂದು ಕವಿಗೋಷ್ಠಿ ಮಾಡಬೇಕಲ್ಲ’ ಎಂದರು ಒಬ್ಬರು. ಬೇಡ ಅಂದರೆ ಕನ್ನಡಕ್ಕೇ ಬೇಡ ಅಂದಂತಾಗುತ್ತದೆಂದು ಯಾರೂ ಬೇಡ ಅನ್ನಲಿಲ್ಲ. ಖರ್ಚಿನ ಪಟ್ಟಿ ಬಳಗದ ಪುಸ್ತಕದಲ್ಲಿ ಇನ್ನೂ ಇದೆ. ಫ್ಲೆಕ್ಸ್ 900 ರೂಪಾಯಿ, ಆಹ್ವಾನ ಪತ್ರಿಕೆ 1,800, ಮೈಕ್ ಸೆಟ್ 2,500, ಸಭಾಂಗಣದ ಕರೆಂಟು-ಸ್ವಚ್ಛತೆ 600, ಉಪಾಹಾರ 4,000. ವೇದಿಕೆಯ ಮೇಲಿನ ಆರು ಜನರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ 4,800. ಒಟ್ಟು 14,600. ಚಂದಾ ಎತ್ತಿದ್ದು 12,000. ಉಳಿದ 2,600 ಒಬ್ಬರೇ ಕೈಯಿಂದ ಹಾಕಿದರು, ಆಮೇಲೆ ಅದೇ ಜಗಳಕ್ಕೆ ಮೂಲವಾಯಿತು.

ಮುಖ್ಯ ಅತಿಥಿಗಳು 50 ನಿಮಿಷ ತಡ. ವೇದಿಕೆಯ ಭಾಷಣಗಳಿಗೆ 1 ಗಂಟೆ 40 ನಿಮಿಷ. 17 ಕವಿಗಳಿಗೆ ತಲಾ ಮೂರು ನಿಮಿಷ, ಅದೂ ‘ಬೇಗ ಮುಗಿಸಿ’ ಎಂಬ ಚೀಟಿಯೊಂದಿಗೆ. ಕವಿಗೋಷ್ಠಿ ತಪ್ಪು ಎಂದು ನಾವು ಹೇಳುತ್ತಿಲ್ಲ. ಅದು ಹಬ್ಬ, ಹಬ್ಬಕ್ಕೆ ಅದರದೇ ಜಾಗವಿದೆ. ಆದರೆ ಬರಹ ತಿದ್ದುವ ಬಳಗ ಒಮ್ಮೆ ಹಬ್ಬ ಮಾಡಿತೆಂದರೆ ಮುಂದಿನ ತಿಂಗಳು ಬರೇ ಬೆಂಚಿನ ಮೇಲೆ ಕೂತು ಓದುವುದು ಸಪ್ಪೆ ಅನ್ನಿಸುತ್ತದೆ. ವೇದಿಕೆ ಹತ್ತಿದವರಿಗೆ ಬೆಂಚು ಇಳಿಕೆ, ಹತ್ತದವರಿಗೆ ಮುನಿಸು. ನಮ್ಮ ಕಡೆ ಬಳಗಗಳು ಬರೆಯುವವರಿಲ್ಲದೆ ಸೊರಗುವುದಕ್ಕಿಂತ ಹೆಚ್ಚಾಗಿ ಹೀಗೆ ಕಾರ್ಯಕ್ರಮವಾಗಿ ಕರಗುತ್ತವೆ.

ಇದೇ ಹೊತ್ತಿಗೆ ನೋಂದಣಿಯ ಮಾತೂ ಎದ್ದಿತ್ತು. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ 1960ರ ಪ್ರಕಾರ ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು. ನಿಯಮಾವಳಿ ಬರೆಯಬೇಕು, ಆಡಳಿತ ಮಂಡಳಿ ಬೇಕು, ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ನಡೆಸಿ ಪದಾಧಿಕಾರಿಗಳ ಪಟ್ಟಿ, ಲೆಕ್ಕಪತ್ರ ಸಲ್ಲಿಸಬೇಕು. ಅನುದಾನ ಪಡೆಯುವ, ಸಂಘದ ಹೆಸರಲ್ಲಿ ಬ್ಯಾಂಕ್ ಖಾತೆ ನಡೆಸುವ ಉದ್ದೇಶವಿದ್ದರೆ ಇದು ಸಾಮಾನ್ಯವಾಗಿ ಬೇಕಾಗುತ್ತದೆ. ತಿಂಗಳಿಗೆ 450 ರೂಪಾಯಿ ವಹಿವಾಟಿನ ಬಳಗಕ್ಕೆ ಬೇಡ. ಇಲ್ಲಿ ಅರ್ಜಿ ಶಿವಮೊಗ್ಗ ಮುಟ್ಟಲೇ ಇಲ್ಲ. ಅಧ್ಯಕ್ಷರು ಯಾರು ಎಂಬಲ್ಲೇ ನಿಂತಿತು. ನಿಂತದ್ದೇ ಒಳ್ಳೆಯದಾಯಿತು.

ಡಿಸೆಂಬರ್‌ನಲ್ಲಿ ಯಾರೂ ಬರಲಿಲ್ಲ. ಬಳಗ ಒಡೆಯಿತು ಎಂದುಕೊಂಡರು. ನಿಜವಾದ ಕಾರಣ ಅರ್ಧದಷ್ಟು ಮಾತ್ರ ಮುನಿಸು, ಇನ್ನರ್ಧ ಅಡಿಕೆ. ಕೊನೆಕೊಯ್ಲಿನ, ಅಂದರೆ ಅಡಿಕೆ ಗೊನೆ ಇಳಿಸುವ ಕಾಲ, ಹಗಲು ಕೊಯ್ಲು, ರಾತ್ರಿ ಸುಲಿಯುವುದು, ಬೇಯಿಸುವುದು, ಒಣಗಿಸುವುದು. ತೋಟದ ಮನೆಯವರಿಗೆ ಭಾನುವಾರವೆಂಬುದು ಕ್ಯಾಲೆಂಡರಿನಲ್ಲಿ ಮಾತ್ರ. ಮೇಲೆ ಎಳ್ಳಮಾವಾಸ್ಯೆ ಜಾತ್ರೆ. ಬೆಂಗಳೂರಿನ ಬಳಗದ ದಿನದರ್ಶಿಯನ್ನು ಮಲೆನಾಡಿಗೆ ತಂದು ನೆಟ್ಟರೆ ಹೀಗೇ ಆಗುವುದು.

ಮಾರ್ಚ್‌ನಲ್ಲಿ ಮತ್ತೆ ಕೂತಾಗ ಮೊದಲು ಹಿಡಿದದ್ದು ಈ ದಿನದರ್ಶಿಯನ್ನೇ. ಡಿಸೆಂಬರ್‌ನಲ್ಲಿ ಸಭೆಯಿಲ್ಲ. ಜುಲೈನಲ್ಲೂ ಇಲ್ಲ: ನಾಟಿ, ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು, ಬಿದ್ದ ಮರ, ಇಲ್ಲದ ಕರೆಂಟು. ಉಳಿದ ಹತ್ತು ತಿಂಗಳು ಎರಡನೇ ಭಾನುವಾರ, ಬೆಳಿಗ್ಗೆ 10.30ರಿಂದ 1. ಬೆಳಿಗ್ಗೆಯ ಬಸ್ಸಿಗೆ ಬಂದವರು ಮಧ್ಯಾಹ್ನ ಊಟದ ಹೊತ್ತಿಗೆ ಮನೆಗೆ. ಏಪ್ರಿಲ್-ಮೇನಲ್ಲಿ ಮದುವೆಗಳ ಕಾಟ ಇದ್ದೇ ಇದೆ. ಆ ಎರಡು ತಿಂಗಳ ದಿನಾಂಕವನ್ನು ಮಾತ್ರ ಒಂದು ವಾರ ಹಿಂದೆ ಮುಂದೆ ಮಾಡಿಕೊಳ್ಳುತ್ತಾರೆ. ಕೋಣೆ ಒಂದು ಸಹಕಾರ ಸಂಘದ ಮಹಡಿಯದು. ಬಾಡಿಗೆಯಿಲ್ಲ, ಕಸ ಗುಡಿಸಿ ಬೀಗ ಹಾಕಿ ಕೀ ಕೊಟ್ಟು ಹೋಗಬೇಕು. ಮನೆಯಲ್ಲಿ ಸೇರುವುದನ್ನು ಒಮ್ಮೆ ಪ್ರಯತ್ನಿಸಿ ಬಿಟ್ಟರು. ಮಲೆನಾಡಿನ ಮನೆಗೆ ಒಂಬತ್ತು ಜನ ಹೋದರೆ ಮನೆಯವರು ಬರೇ ಕಾಫಿ ಕೊಟ್ಟು ಸುಮ್ಮನಿರುವುದಿಲ್ಲ. ಕಡುಬು, ಚಟ್ನಿ, ಊಟ ಎಲ್ಲ ಆಗಿ, ಮನೆಯ ಹೆಂಗಸು ಅಡುಗೆಮನೆಯಿಂದ ಹೊರಗೆ ಬರುವಷ್ಟರಲ್ಲಿ ಸಭೆ ಮುಗಿದಿರುತ್ತದೆ. ಆ ಮನೆಯಲ್ಲಿ ಬರೆಯುತ್ತಿದ್ದದ್ದು ಅವರೇ.

ಎರಡನೇ ಬದಲಾವಣೆ ಹಾಳೆಯದು. ಇನ್ನು ಮುಂದೆ ಸಭೆಯಲ್ಲಿ ಮೊದಲ ಬಾರಿಗೆ ಕೇಳುವ ಬರಹ ಯಾವುದೂ ಇಲ್ಲ. ತಿಂಗಳಿಗೆ ಎರಡೇ ಬರಹ, ಒಂದೊಂದೂ 2,000 ಪದ ಮೀರಬಾರದು, ಏಳು ದಿನ ಮೊದಲು ಎಲ್ಲರ ಕೈಸೇರಬೇಕು. ನಿಮಿಷಕ್ಕೆ 100 ಪದದಂತೆ ಗಟ್ಟಿಯಾಗಿ ಓದಿದರೆ 2,000 ಪದಕ್ಕೆ 20 ನಿಮಿಷ. ಮನೆಯಲ್ಲೇ ಓದಿ ಬಂದರೆ ಅಷ್ಟೂ ಉಳಿತಾಯ. 12 ಪಾಯಿಂಟ್ ಅಕ್ಷರ, ಒಂದೂವರೆ ಸಾಲಿನ ಅಂತರ, ಬಲಗಡೆ ಎರಡು ಇಂಚು ಅಂಚು. ಹೀಗೆ ಎ4 ಹಾಳೆಯಲ್ಲಿ ಪುಟಕ್ಕೆ ಸುಮಾರು 250 ಪದ, ಒಟ್ಟು ಎಂಟು ಪುಟ. ಜೆರಾಕ್ಸ್ ಪುಟಕ್ಕೆ 2 ರೂಪಾಯಿಯಂತೆ ಪ್ರತಿಗೆ 16, ಒಂಬತ್ತು ಪ್ರತಿಗೆ 144, ಎರಡು ಬರಹಕ್ಕೆ 288. ಸದಸ್ಯರು ತಲಾ 50 ಹಾಕಿದರೆ 450. ಉಳಿದ 162 ಕಾಫಿ, ಮಂಡಕ್ಕಿಗೆ. ಇಷ್ಟೇ ಬಜೆಟ್ಟು. ಲೆಕ್ಕ ಅಂದಂದೇ ಓದಿ ಮುಗಿಸುತ್ತಾರೆ.

ಸಾಲುಗಳಿಗೆ ಎಡಗಡೆ ಸಂಖ್ಯೆ ಹಾಕುವುದು ಸಣ್ಣ ವಿಷಯ ಅನ್ನಿಸಬಹುದು. ‘ಅಲ್ಲೆಲ್ಲೋ ಮಧ್ಯದಲ್ಲಿ ಒಂದು ಮಾತು ಬರುತ್ತಲ್ಲ’ ಎಂದು ಹುಡುಕುವುದರಲ್ಲೇ ಸಭೆಗೆ ಹತ್ತು ನಿಮಿಷ ಹೋಗುತ್ತಿತ್ತು. ಈಗ ‘ಪುಟ 3, ಸಾಲು 14’ ಅಂದರೆ ಎಲ್ಲರ ಬೆರಳೂ ಅಲ್ಲಿಗೇ ಹೋಗುತ್ತದೆ.

ಇದಕ್ಕೂ ಮೊದಲು ವಾಟ್ಸಾಪ್‌ನಲ್ಲೇ ಕಳಿಸಿದರೆ ಸಾಕಲ್ಲ ಎಂದುಕೊಂಡಿದ್ದರು. ಮೊದಲ ಕಥೆ ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿತ್ತು. ಫೋನಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಿಚಡಿ. ಯೂನಿಕೋಡಿಗೆ ಪರಿವರ್ತಿಸಿದಾಗ ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಕೆಟ್ಟವು. ಈಗ ಹೊಸದಾಗಿ ಬರೆಯುವವರೆಲ್ಲ ನೇರ ಯೂನಿಕೋಡಿನಲ್ಲೇ ಬರೆಯುತ್ತಾರೆ, ಕಳಿಸುವುದು ಪಿಡಿಎಫ್ ಆಗಿ. ಕೈಬರಹದವರು ಇಬ್ಬರಿದ್ದಾರೆ, ಅವರದ್ದು ಹಾಗೇ ಜೆರಾಕ್ಸ್. ಗುಂಪಿನಲ್ಲಿ ಈಗ ಸಂದೇಶ ಹಾಕುವ ಅವಕಾಶ ಅಡ್ಮಿನ್‌ಗಳಿಬ್ಬರಿಗೆ ಮಾತ್ರ: ದಿನಾಂಕ, ಸ್ಥಳ, ಬರಹ. ಶುಭೋದಯ, ಕೈಮುಗಿದ ಚಿತ್ರ, ರಾಜಕೀಯದ ಫಾರ್ವರ್ಡು ಯಾವುದೂ ಇಲ್ಲ. ಇಂಥದೊಂದು ಫಾರ್ವರ್ಡಿನಿಂದಲೇ ಮೊದಲ ವರ್ಷ ಇಬ್ಬರು ಬಿಟ್ಟು ಹೋಗಿದ್ದರು.

ಮೂರನೆಯದು ಮಾತಿನ ಕ್ರಮ, ಇದೇ ಕಷ್ಟದ್ದು. ಒಂದು ಬರಹಕ್ಕೆ 55 ನಿಮಿಷ. ಬರೆದವರು ತಾವೇ ಆರಿಸಿದ ಎರಡು ಪುಟವನ್ನು ಐದು ನಿಮಿಷ ಓದುತ್ತಾರೆ, ಪೀಠಿಕೆಯಿಲ್ಲ. ಆಮೇಲೆ ಎಂಟು ಜನ ತಲಾ ನಾಲ್ಕು ನಿಮಿಷ, ಒಟ್ಟು 32. ಅಷ್ಟೂ ಹೊತ್ತು ಬರೆದವರು ಬಾಯಿ ಬಿಡುವಂತಿಲ್ಲ, ಬರೆದುಕೊಳ್ಳಬಹುದು. ನಂತರ ಹತ್ತು ನಿಮಿಷ ಅವರು ಕೇಳುವ ಪ್ರಶ್ನೆಗಳಿಗೆ, ಎಂಟು ನಿಮಿಷ ಮುಕ್ತ ಮಾತಿಗೆ. ಎರಡು ಬರಹಕ್ಕೆ 110, ಶುರುವಿಗೆ 10, ಕಾಫಿಗೆ 15, ಮುಂದಿನ ತಿಂಗಳ ಸರದಿ ಮತ್ತು ಲೆಕ್ಕಕ್ಕೆ 15. 150 ಸರಿಹೋಯಿತು.

ಸುಮ್ಮನಿರುವುದು ಯಾಕೆ? ಬರೆದವರು ಬಾಯಿಬಿಟ್ಟರೆ ಕಥೆಯಲ್ಲಿ ಇಲ್ಲದ್ದನ್ನು ಬಾಯಲ್ಲಿ ತುಂಬುತ್ತಾರೆ. ‘ಅವಳ ಗಂಡ ಮೊದಲೇ ಸತ್ತಿದ್ದ ಅಂತ ನನ್ನ ಮನಸ್ಸಲ್ಲಿತ್ತು’ ಎಂದ ಕೂಡಲೇ ಓದುಗ ತಾನೇ ತಪ್ಪು ಓದಿದೆನೆಂದು ಸುಮ್ಮನಾಗುತ್ತಾನೆ. ಹಾಳೆಯ ಮೇಲೆ ಗಂಡ ಸತ್ತಿಲ್ಲ ಎಂಬುದು ಅಲ್ಲಿಗೇ ಮುಚ್ಚಿಹೋಗುತ್ತದೆ.

ಹೇಳುವವರಿಗೂ ಕಟ್ಟಳೆಯುಂಟು. ಎಲ್ಲಿ ಖುಷಿಯಿಂದ ನಿಂತೆ, ಎಲ್ಲಿ ದಾರಿ ತಪ್ಪಿತು, ಎಲ್ಲಿ ನಂಬಲಿಲ್ಲ ಎಂಬ ಮೂರಕ್ಕೂ ಸಾಲಿನ ಸಂಖ್ಯೆ ಕೊಡಬೇಕು. ‘ಚೆನ್ನಾಗಿದೆ’ ಎಂಬುದನ್ನು ಒಂಟಿಯಾಗಿ ಹೇಳುವಂತಿಲ್ಲ. ದೊಡ್ಡವರ ಹೆಸರು ಎತ್ತುವಂತಿಲ್ಲ. ಈ ಕೊನೆಯದು ಈ ತಾಲ್ಲೂಕಿಗೆ ವಿಶೇಷವಾಗಿ ಬೇಕಾದದ್ದು. ಒಂದು ಕಡೆ ಕುಪ್ಪಳಿ, ಇನ್ನೊಂದು ಕಡೆ ಮೇಳಿಗೆ. 1967ರಲ್ಲಿ ಕುವೆಂಪು, 1994ರಲ್ಲಿ ಅನಂತಮೂರ್ತಿ, ಒಂದೇ ತಾಲ್ಲೂಕಿನ ಮಣ್ಣಿಗೆ ಎರಡು ಜ್ಞಾನಪೀಠ. ಹೆಮ್ಮೆ ಸರಿಯೇ. ಆದರೆ ಕಥೆಯಲ್ಲಿ ಮಳೆ, ಕಾಡು ಬಂದರೆ ಒಂದು ಹೆಸರು, ಅಗ್ರಹಾರ ಬಂದರೆ ಇನ್ನೊಂದು ಹೆಸರು ಹೇಳಿ ಮುಗಿಸಿಬಿಟ್ಟರೆ, ಹತ್ತೊಂಬತ್ತರ ಹುಡುಗಿ ಮಳೆಯನ್ನೇ ಬರೆಯುವುದು ಬಿಡುತ್ತಾಳೆ. ತೀರ್ಥಹಳ್ಳಿಯಲ್ಲಿ ಮಳೆ ಬಿಟ್ಟು ಬರೆಯುವುದಾದರೂ ಏನನ್ನು!

ಆ ಹುಡುಗಿಯ ಕಥೆಯ ಚರ್ಚೆಯನ್ನೇ ಹತ್ತಿರದಿಂದ ನೋಡಬಹುದು. ಪುಟ 2, ಸಾಲು 6: ‘ಅಜ್ಜಿಯು ಅಡಿಕೆ ಸುಲಿಯುವ ಕಾರ್ಯದಲ್ಲಿ ನಿರತಳಾಗಿದ್ದಳು.’ ಬ್ಯಾಂಕಿನವರು ಭಾಷೆ ಶುದ್ಧವಾಗಿದೆ ಎಂದರು. ತೋಟದ ಮನೆಯ ಗೃಹಿಣಿ ಒಬ್ಬರು, ‘ನಾನು ಇಲ್ಲಿ ನಂಬಲಿಲ್ಲ ತಂಗಿ. ಎಷ್ಟು ಡಬ್ಬ ಸುಲಿದಳು ಅಂತ ಹೇಳು, ಅಜ್ಜಿ ಕಾಣ್ತಾಳೆ’ ಎಂದರು. ಸುಲಿಯುವವರಿಗೆ ಕೂಲಿ ಡಬ್ಬದ ಲೆಕ್ಕದಲ್ಲಿ. ಅಜ್ಜಿಯ ವಯಸ್ಸು, ಕೈಯ ವೇಗ, ಮನೆಯ ಬಡತನ ಎಲ್ಲ ಆ ಒಂದು ಲೆಕ್ಕದಲ್ಲಿ ಬಂದುಬಿಡುತ್ತದೆ. ಎರಡು ತಿಂಗಳ ಮೇಲೆ ತಿದ್ದಿ ತಂದ ಪ್ರತಿಯಲ್ಲಿ ಹೀಗಿತ್ತು: ‘ಅಜ್ಜಿ ಮೆಟ್ಟುಗತ್ತಿ ಬಿಟ್ಟು ಎದ್ದಿರಲಿಲ್ಲ. ಒಂಬತ್ತು ಗಂಟೆಗೆ ಎರಡನೇ ಡಬ್ಬ ಅರ್ಧವೂ ಆಗಿರಲಿಲ್ಲ. ಹೋದ ವರ್ಷ ಇಷ್ಟು ಹೊತ್ತಿಗೆ ಮೂರು ಆಗಿರುತ್ತಿತ್ತು.’ ಮುಪ್ಪು ಎಂಬ ಪದ ಕಥೆಯಲ್ಲಿ ಆರು ಕಡೆ ಇತ್ತು. ಆರನ್ನೂ ಅವಳೇ ತೆಗೆದಿದ್ದಳು.

ಮನೆಮಾತಿನ ಪ್ರಶ್ನೆಯೂ ಅದೇ ಸಭೆಯಲ್ಲಿ ಬಂತು. ಹವ್ಯಕರ ಕನ್ನಡ, ದೀವರ ಕನ್ನಡ, ಮಲೆನಾಡ ಗೌಡರ ಮನೆಯ ಕನ್ನಡ, ಒಂದೇ ಬೆಂಚಿನಲ್ಲಿ ಮೂರೂ ಇವೆ. ಹವ್ಯಕರ ಮನೆಯಲ್ಲಿ ಹೆಂಗಸನ್ನು ‘ಅದು’ ಅನ್ನುವುದು ವಾಡಿಕೆ. ಬೇರೆಯವರಿಗೆ ಅದು ಅವಮಾನದಂತೆ ಕೇಳುತ್ತದೆ. ಬಳಗ ನಿಯಮ ಮಾಡಲಿಲ್ಲ. ಆ ಮಾತು ಗೊತ್ತಿಲ್ಲದ ಇಬ್ಬರು ಎಲ್ಲಿ ಮುಗ್ಗರಿಸಿದರು ಎಂದು ಗುರುತು ಹಾಕಿಕೊಡುತ್ತಾರೆ. ಬಿಡುವುದೋ ಬಿಡಿಸಿ ಹೇಳುವುದೋ ಬರೆದವರ ಇಷ್ಟ.

ಈಗ ಮೇಷ್ಟ್ರ ವಿಷಯ. ಅವರು ಮೊದಲು ಮಾತಾಡಿದರೆ ಶಿಷ್ಯರು ಮೂವರೂ ‘ಸರ್ ಹೇಳಿದ್ದೇ ನನ್ನದೂ’ ಅನ್ನುತ್ತಿದ್ದರು. ಅವರು ಅಲ್ಪಪ್ರಾಣ, ಮಹಾಪ್ರಾಣ ತಿದ್ದಲು ಶುರುಮಾಡಿದರೆ ನಾಲ್ಕು ನಿಮಿಷವೂ ಅದಕ್ಕೇ. ಎರಡು ಕ್ರಮ ಬಂದವು. ಕಾಗುಣಿತ, ಸಂಧಿದೋಷವನ್ನು ಪೆನ್ಸಿಲಿನಲ್ಲಿ ಹಾಳೆಯ ಮೇಲೆ ತಿದ್ದಿ ಕೊಡುವುದು, ಬಾಯಲ್ಲಿ ಹೇಳಬಾರದು. ಮಾತಿನ ಸುತ್ತು ಕಿರಿಯರಿಂದ ಶುರುವಾಗಬೇಕು. ಇಷ್ಟಕ್ಕೇ ಸರಿಹೋಗಲಿಲ್ಲ. ಸರಿಹೋದದ್ದು ಮೇಷ್ಟ್ರು ಮೇ ತಿಂಗಳಲ್ಲಿ ತಮ್ಮದೇ ಪ್ರಬಂಧ ಮುಂದಿಟ್ಟಾಗ. ಒಬ್ಬ ಶಿಷ್ಯ ಹಾಳೆಯಿಂದ ಕಣ್ಣೆತ್ತದೆ, ‘ಸರ್, ಇದು ಮೂರನೇ ಪುಟದಿಂದ ಶುರುವಾದ್ರೆ ಏನೂ ಕಳಕೊಳ್ಳಲ್ಲ ಅನ್ಸುತ್ತೆ’ ಎಂದ. ಕೋಣೆ ಗಪ್‌ಚಿಪ್. ಮೇಷ್ಟ್ರು ನಿಯಮದಂತೆ ಸುಮ್ಮನಿದ್ದರು. ಮೊದಲ ಹಾಳೆ ಮಡಚಿ ಜೇಬಿಗೆ ಹಾಕಿಕೊಂಡರು. ಮುಂದಿನ ತಿಂಗಳಿಂದ ಶಿಷ್ಯರ ಬಾಯಿ ತೆರೆಯಿತು. ಹಿರಿಯರಿರುವ ಬಳಗದಲ್ಲಿ ಮೊದಲ ಎರಡು ಸಭೆಯೊಳಗೆ ಹಿರಿಯರದ್ದೇ ಬರಹ ಚರ್ಚೆಗೆ ಬರಬೇಕು ಎಂದು ನಮ್ಮ ಸಲಹೆ.

ಕವಿತೆಗೆ ಕ್ರಮ ಸ್ವಲ್ಪ ಬೇರೆ. ಮೊದಲು ಬೇರೊಬ್ಬರು ಓದುತ್ತಾರೆ, ಆಮೇಲೆ ಬರೆದವರು. ಸಾಲು ಒಡೆದದ್ದು ಸರಿಯಿಲ್ಲದಿದ್ದರೆ ಅನ್ಯರ ಓದು ಅಲ್ಲೇ ಎಡವುತ್ತದೆ. ಬರೆದವರೇ ಓದಿದರೆ ದನಿ ಎಲ್ಲವನ್ನೂ ಮುಚ್ಚಿಹಾಕುತ್ತದೆ.

ಸದಸ್ಯರ ಮಿತಿ ಹತ್ತು. ಇದು ಅಹಂಕಾರವಲ್ಲ, ಭಾಗಾಕಾರ. ಹತ್ತು ಸಭೆ, ಸಭೆಗೆ ಎರಡರಂತೆ ವರ್ಷಕ್ಕೆ 20 ಸರದಿ. ಹತ್ತು ಜನರಾದರೆ ತಲಾ ಎರಡು. ಸರದಿ ಅದಕ್ಕಿಂತ ಕಡಿಮೆಯಾದರೆ ಬರೆಯುವ ಒತ್ತಡವೇ ಹೋಗುತ್ತದೆ. ಹೊಸಬರು ಎರಡು ಸಭೆಗೆ ಬರೇ ಓದುಗರಾಗಿ ಬರಬೇಕು, ಬೇರೆಯವರ ಬರಹಕ್ಕೆ ಟಿಪ್ಪಣಿ ಬರೆದು ತರಬೇಕು. ತಮ್ಮದನ್ನು ಓದಿಸಿ ಹೋಗಲು ಮಾತ್ರ ಬಂದವರು ಎರಡನೆಯದಕ್ಕೆ ಬರುವುದಿಲ್ಲ. ಯಾರನ್ನೂ ಬೇಡ ಅನ್ನುವ ಪ್ರಸಂಗ ಬಂದಿಲ್ಲ. ಇನ್ನೊಂದು ಬಳಗ ಸೇರಲು ಹೊರಟವರೂ ಇದನ್ನೇ ತಿರುಗಿಸಿ ನೋಡಬಹುದು: ಒಂದು ಸಭೆಗೆ ಹೋಗಿ, ಓದಿಗೆ ಎಷ್ಟು ನಿಮಿಷ, ಓದಿದ್ದರ ಮೇಲಿನ ಮಾತಿಗೆ ಎಷ್ಟು ನಿಮಿಷ ಎಂದು ಗಡಿಯಾರ ನೋಡಿ ಬರೆದುಕೊಳ್ಳಿ. ಎರಡನೆಯದು ಕಡಿಮೆಯಿದ್ದರೆ ಅದು ಗೋಷ್ಠಿ.

ಪದಾಧಿಕಾರಿಗಳಿಲ್ಲ. ಕೆಲಸ ಎರಡೇ: ಒಬ್ಬರು ಕೋಣೆ-ದಿನಾಂಕ, ಒಬ್ಬರು ಹಾಳೆ-ಲೆಕ್ಕ. ಆರು ತಿಂಗಳಿಗೊಮ್ಮೆ ಬದಲು. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಬರಹದ ಶೀರ್ಷಿಕೆ, ಬರೆದವರ ಹೆಸರು, ಹಾಜರಿದ್ದವರ ಸಹಿ. ಈ ಪುಸ್ತಕ ಒಮ್ಮೆ ಉಪಯೋಗಕ್ಕೆ ಬಂತು. ಒಬ್ಬರ ಕವಿತೆಯ ಪ್ರತಿಮೆ ಇನ್ನೊಬ್ಬರ ಕವಿತೆಯಲ್ಲಿ ಹಾಗೇ ಕಾಣಿಸಿಕೊಂಡಿತು. ಯಾವುದು ಮೊದಲು ಓದಿದ್ದು ಎಂದು ಪುಸ್ತಕ ತೆಗೆದು ನೋಡಿದರು, ಎರಡನೆಯವರು ಸಾಲು ತೆಗೆದರು, ಮಾತು ಬೆಳೆಯಲಿಲ್ಲ. ಹಕ್ಕುಸ್ವಾಮ್ಯ ನೋಂದಣಿಯಿಂದ ಹುಟ್ಟುವುದಲ್ಲ. 1957ರ ಕಾಯ್ದೆಯಂತೆ ಬರೆದ ಕೂಡಲೇ ಅದು ಬರೆದವರದ್ದು, ಅವರ ಕಾಲಾನಂತರವೂ 60 ವರ್ಷ. ಟಿಪ್ಪಣಿ ಬರೆದ ಪ್ರತಿಗಳೆಲ್ಲ ಸಭೆಯ ಕೊನೆಗೆ ಬರೆದವರಿಗೇ ವಾಪಸ್. ಕರಡನ್ನು ಫೇಸ್‌ಬುಕ್ಕಿಗೆ ಹಾಕುವುದನ್ನೂ ಬಳಗ ಬೇಡ ಎನ್ನುತ್ತದೆ. ಹೆಚ್ಚಿನ ಪತ್ರಿಕೆಗಳು ಬೇರೆಲ್ಲೂ ಪ್ರಕಟವಾಗದ್ದನ್ನೇ ಕೇಳುತ್ತವೆ, ಗೋಡೆಯ ಮೇಲೆ ಹಾಕಿದ್ದೂ ಪ್ರಕಟಣೆಯೇ ಎಂದು ಹಿಡಿಯುವ ಸಂಪಾದಕರಿದ್ದಾರೆ.

ಸಂಕಲನ ತರುವ ಆಸೆ ವರ್ಷಕ್ಕೊಮ್ಮೆ ಏಳುತ್ತದೆ. 96 ಪುಟದ ಡೆಮಿ ಅಳತೆಯ ಪುಸ್ತಕವೆಂದರೆ 16 ಪುಟದ ಆರು ಫಾರ್ಮು, ಅಂದರೆ ಅಚ್ಚಿನ ಆರು ಕಂತೆ. ಅಚ್ಚಿನ ದುಡ್ಡು ಹೊಂದಿಸಬಹುದು, ಆದರೆ ಒಂಬತ್ತು ಜನರಿಗೆ ಆರು ಫಾರ್ಮು ಹಂಚುವಾಗ ಬರುವ ಮುನಿಸಿಗೆ ದುಡ್ಡಿಲ್ಲ. ಮೊದಲ ಪುಸ್ತಕ ತರುವ ಯುವ ಬರಹಗಾರರಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿ ಯೋಜನೆಯಿದೆ. ಹುಡುಗಿಯರಿಬ್ಬರೂ ಅದರತ್ತ ಕಣ್ಣಿಟ್ಟಿದ್ದಾರೆ. ಅದು ಅವರವರ ಹಸ್ತಪ್ರತಿ, ಅವರವರ ಅರ್ಜಿ.

ಬಗೆಹರಿಯದ್ದು ಒಂದಿದೆ. ಡಬ್ಬದ ಲೆಕ್ಕ ಕೇಳಿದ ಆ ಗೃಹಿಣಿ ಕಾದಂಬರಿ ಬರೆದಿದ್ದಾರೆ, ಸುಮಾರು 60,000 ಪದ. ಸರದಿಗೆ 2,000, ವರ್ಷಕ್ಕೆ ಎರಡು ಸರದಿ. ಬಳಗ ಅದನ್ನು ಓದಿ ಮುಗಿಸಲು 15 ವರ್ಷ ಬೇಕು. ಬಿಡಿ ಅಧ್ಯಾಯ ಕೊಟ್ಟು ನೋಡಿದರು. ಹಿಂದಿನದು ನೆನಪಿಲ್ಲದೆ ಎಲ್ಲರೂ ಸಾಲುಗಳನ್ನು ಹೊಗಳಿದರು, ಕಥೆ ಎಲ್ಲಿ ಜಗ್ಗುತ್ತದೆ ಎಂದು ಯಾರಿಗೂ ಹೇಳಲಾಗಲಿಲ್ಲ. ಈ ಸಲ ಸಭೆಯಿಲ್ಲದ ಜುಲೈಯನ್ನೇ ಅದಕ್ಕೆ ಬಿಟ್ಟಿದ್ದಾರೆ. ಮೂವರು ಇಡೀ ಹಸ್ತಪ್ರತಿ ಓದುತ್ತಾರೆ, ಒಬ್ಬರ ನಂತರ ಒಬ್ಬರು, ತಲಾ ಹತ್ತು ದಿನ. ಫೈಲನ್ನು ಎರಡು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಮೇಲೆ ಗೊಬ್ಬರದ ಚೀಲದ ತುಂಡು ಹೊಲಿದು, ಕೋಣಂದೂರಿನ ಬಸ್ಸಿನವರ ಕೈಲಿ ಕೊಟ್ಟಿದ್ದಾರೆ. ಡ್ರೈವರ್ ಸೀಟಿನ ಹಿಂದೆ ಇಡಿ, ಮೇಲೆ ಹಾಕಬೇಡಿ ಎಂದು ಎರಡು ಸಲ ಹೇಳಿ.